ಕುಲಾಂತರಿ ಪಪ್ಪಾಯಿ

ರೋಗನಿರೋಧಕತೆಗೆಂದು ಹೊರಗಿನ ವಂಶವಾಹಿ ಸೇರಿಸಿದ ಹಣ್ಣಿನ ಬೆಳೆಗಳಲ್ಲಿ ಮೊದಲು ರೈತರ ತೋಟಕ್ಕಿಳಿದದ್ದು ಹವಾಯಿಯ ಪಪ್ಪಾಯಿ. ಅದನ್ನು ಕಾಡಿದ್ದು ಉಂಗುರ ಚುಕ್ಕೆ ನಂಜುರೋಗ. ಗಿಡಹೇನುಗಳು ಹರಡುವ ಈ ರೋಗ ತಗುಲಿದರೆ ಎಲೆ ವಿಕಾರಗೊಳ್ಳುತ್ತದೆ, ಕಾಯಿಯ ಮೇಲೆ ಉಂಗುರದಂಥ ಕಲೆಗಳೇಳುತ್ತವೆ, ಇಳುವರಿ ಕುಸಿಯುತ್ತದೆ. ಹತ್ತಿದ ಗಿಡಕ್ಕೆ ಮದ್ದಿಲ್ಲ. ಒವಾಹು ದ್ವೀಪದ ತೋಟಗಳು ಹೀಗೆ ನೆಲಕಚ್ಚಿದ ಮೇಲೆ ಬೆಳೆ ಹವಾಯಿ ದ್ವೀಪದ ಪುನಾ ಸೀಮೆಗೆ ವಲಸೆ ಹೋಗಿತ್ತು. ರೋಗ ಅಲ್ಲಿಗೂ ಬರಬಹುದೆಂದು ಎಣಿಸಿ, ಹವಾಯಿಯಲ್ಲೇ ಹುಟ್ಟಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಡೆನ್ನಿಸ್ ಗೊನ್ಸಾಲ್ವಿಸ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಕೆಲಸಕ್ಕಿಳಿದರು. ವೈರಸ್ಸಿನ ಹೊರಕವಚದ ಪ್ರೋಟೀನಿನ ವಂಶವಾಹಿಯನ್ನು ಜೀನ್ ಗನ್ ಎಂಬ ಉಪಕರಣದ ಮೂಲಕ ‘ಸನ್‌ಸೆಟ್’ ತಳಿಯೊಳಗೆ ಸೇರಿಸಿದರು. ಅದರಿಂದ ಬಂದ ‘ಸನ್‌ಅಪ್’ ಅನ್ನು ಪುನಾದ ರೈತರ ಮೆಚ್ಚಿನ ‘ಕಪೋಹೊ’ ಜತೆ ಸಂಕರಿಸಿದಾಗ ಹಳದಿ ತಿರುಳಿನ ‘ರೇನ್‌ಬೋ’ ಸಿಕ್ಕಿತು. ಪುನಾದಲ್ಲಿ ರೋಗ ಪತ್ತೆಯಾದದ್ದು 1992ರಲ್ಲಿ. 1998ರಲ್ಲಿ ರೈತರಿಗೆ ಬೀಜ ಉಚಿತವಾಗಿ ಹಂಚಲಾಯಿತು.

ಬೆಳೆ ಉಳಿಸಿದ ಈ ಗೆಲುವನ್ನು ತಂತ್ರಜ್ಞಾನದ ಗೆಲುವೆಂದಷ್ಟೇ ಓದುವುದು ಸರಿಯಲ್ಲ. ರೋಗ ಬರುವ ಮೊದಲೇ ಶುರುವಾದ ಸಾರ್ವಜನಿಕ ಸಂಶೋಧನೆ, ಸ್ಥಳೀಯ ತಳಿ, ಸ್ಥಳೀಯ ವೈರಸ್ ಈ ಮೂರೂ ಕೂಡಿದ್ದರಿಂದಲೇ ಅದು ಸಾಧ್ಯವಾಯಿತು. ವೈರಸ್ಸಿನ ವಂಶವಾಹಿ ಇರುವ ಹಣ್ಣು ತಿನ್ನುವುದು ಅಪಾಯವೆಂಬ ಆಕ್ಷೇಪ ಎದ್ದಿತು. ಆದರೆ ರೋಗ ತಗುಲಿದ ಮಾಮೂಲಿ ಹಣ್ಣಿನೊಂದಿಗೆ ಅದೇ ಪ್ರೋಟೀನನ್ನು ಜನ ಮೊದಲಿನಿಂದಲೂ ತಿನ್ನುತ್ತಲೇ ಬಂದಿದ್ದಾರೆ. ಪಕ್ಕದ ತೋಟಕ್ಕೆ ಪರಾಗ ಹಾರುವ ಆತಂಕ ಇದಕ್ಕಿಂತ ಗಟ್ಟಿಯಾದದ್ದು. ಸಾವಯವ ಕೃಷಿಕರಿಗೆ ಮಾರುಕಟ್ಟೆಯೇ ಕೈತಪ್ಪಬಹುದು. ಜಪಾನ್ ಈ ಹಣ್ಣಿಗೆ ಬಾಗಿಲು ತೆರೆದದ್ದು 2011ರಲ್ಲಷ್ಟೇ. ಹಾಗಿದ್ದರೂ ರೇನ್‌ಬೋ ತೋಟಗಳು ಹೆಚ್ಚಿದಂತೆ ಸುತ್ತಲಿನ ರೋಗದ ಒತ್ತಡ ತಗ್ಗಿ, ಕುಲಾಂತರಿಯಲ್ಲದ ಕಪೋಹೊ ಬೆಳೆಯುವುದೂ ಮತ್ತೆ ಸಾಧ್ಯವಾಯಿತೆಂಬುದನ್ನು ಮರೆಯುವಂತಿಲ್ಲ.

ಹವಾಯಿಯ ಬೀಜವನ್ನೇ ತಂದು ಬೇರೆಡೆ ಬಿತ್ತಿದರೆ ಸಾಲದೇ ಎಂಬ ಪ್ರಶ್ನೆಗೆ ಉತ್ತರ ಗಿಡದೊಳಗೇ ಇದೆ. ಸೇರಿಸಿದ ವಂಶವಾಹಿಯ ಆರ್‌ಎನ್‌ಎಯನ್ನು ಗಿಡ ಗುರುತಿಸಿ ಕತ್ತರಿಸುತ್ತದೆ. ಅದನ್ನೇ ಹೋಲುವ ವೈರಸ್ಸಿನ ಆರ್‌ಎನ್‌ಎಯೂ ಆಗ ತುಂಡಾಗುತ್ತದೆ. ಹೋಲಿಕೆ ಕಡಿಮೆಯಾದಷ್ಟೂ ರಕ್ಷಣೆ ಸಡಿಲವಾಗುತ್ತದೆ. ಹವಾಯಿಯ ಹೊರಗಿನ ಇದೇ ವೈರಸ್ಸಿನ ಹಲವು ಬಗೆಗಳ ಎದುರು ರೇನ್‌ಬೋ ಸೋಲುವುದಕ್ಕೆ ಇದೂ ಕಾರಣ. ಕರ್ನಾಟಕದ ಪಪ್ಪಾಯಿ ಬೆಳೆಗಾರರನ್ನೂ ಇದೇ ರೋಗ ಕಾಡುತ್ತಿದೆ. ಈ ದಾರಿಯಲ್ಲಿ ಪರಿಹಾರ ಹುಡುಕುವುದಾದರೆ ಇಲ್ಲಿನ ವೈರಸ್ಸಿನಿಂದ, ಇಲ್ಲಿ ಬೆಳೆಯುವ ತಳಿಯಿಂದಲೇ ಶುರುಮಾಡಬೇಕಾಗುತ್ತದೆ.