ತ್ರಿಕೋನ, ವೃತ್ತ, ಚೌಕ: ‘ಅಮೇಜಿಂಗ್ ಗ್ರೇಸ್’ಗೆ ಧಾಟಿ ಸಿಕ್ಕ ಕಥೆ

‘ಅಮೇಜಿಂಗ್ ಗ್ರೇಸ್’ ಹಾಡನ್ನ ನೀವು ಸಿನಿಮಾದಲ್ಲೋ ರೀಲ್ಸ್‌ನಲ್ಲೋ ಕೇಳಿರ್ತೀರಿ. ಬರೆದವರು ಇಂಗ್ಲೆಂಡಿನ ಜಾನ್ ನ್ಯೂಟನ್. ಮೊದಲು ಗುಲಾಮರನ್ನ ಸಾಗಿಸೋ ಹಡಗಿನ ಕ್ಯಾಪ್ಟನ್, ಆಮೇಲೆ ಪಾದ್ರಿ. ಪದ್ಯ ಅಚ್ಚಾಗಿದ್ದು 1779ರಲ್ಲಿ, ನ್ಯೂಟನ್ ತೀರಿಕೊಂಡಿದ್ದು 1807ರಲ್ಲಿ. ಆದರೆ ನಾವು ಗುನುಗೋ ಧಾಟಿಗೆ ಈ ಪದ್ಯ ಪುಸ್ತಕದಲ್ಲಿ ಕೂಡಿಕೊಂಡಿದ್ದು 1835ರಲ್ಲಿ, ಅದೂ ಅಮೆರಿಕದಲ್ಲಿ!

ಹೇಗೆ ಅಂತೀರಾ? ಆಗಿನ ಎಷ್ಟೋ ಪ್ರಾರ್ಥನಾ ಪುಸ್ತಕಗಳಲ್ಲಿ ಬರೀ ಸಾಹಿತ್ಯ ಇರ್ತಿತ್ತು. ಸಾಲುಗಳ ಉಚ್ಚಾರ ಎಣಿಸಿದರೆ 8, 6, 8, 6. ಅದೇ ಲೆಕ್ಕದ ಯಾವ ಧಾಟಿಗಾದರೂ ಹಾಡಬಹುದು. ನಮ್ಮಲ್ಲಿ ಒಂದು ದೇವರನಾಮವನ್ನ ಊರಿಗೊಂದು ಮಟ್ಟಿನಲ್ಲಿ ಹಾಡಲ್ವಾ, ಹಾಗೆ. ದಕ್ಷಿಣ ಕೆರೊಲಿನಾದ ಹಾಡಿನ ಮೇಷ್ಟ್ರು ವಿಲಿಯಂ ವಾಕರ್ ತಮ್ಮ ‘ಸದರ್ನ್ ಹಾರ್ಮನಿ’ ಪುಸ್ತಕದಲ್ಲಿ ನ್ಯೂಟನ್ ಪದ್ಯವನ್ನ ‘ನ್ಯೂ ಬ್ರಿಟನ್’ ಅನ್ನೋ ಧಾಟಿಗೆ ಜೋಡಿಸಿದರು. ಆ ಧಾಟಿ 1829ರ ಇನ್ನೊಂದು ಪುಸ್ತಕದಲ್ಲಿ ಬೇರೆ ಹೆಸರಲ್ಲಿ ಬಂದಿತ್ತು. ಕಟ್ಟಿದವರು ಯಾರು? ಇವತ್ತಿಗೂ ಪತ್ತೆಯಿಲ್ಲ.

ವಾಕರ್ ಪುಸ್ತಕ ಇದ್ದಿದ್ದು ಆಕಾರಗಳ ಲಿಪಿಯಲ್ಲಿ. 1801ರ ‘ದಿ ಈಸಿ ಇನ್‌ಸ್ಟ್ರಕ್ಟರ್’ ಜನಪ್ರಿಯ ಮಾಡಿದ ಪದ್ಧತಿ ಅದು. ನಮ್ಮ ಸರಿಗಮದಲ್ಲೇ ಹೇಳ್ತೀನಿ: ಸ, ಮ ಎರಡಕ್ಕೂ ತ್ರಿಕೋನ, ಹೆಸರು ‘ಫಾ’. ರಿ, ಪಗೆ ವೃತ್ತ, ‘ಸೋಲ್’. ಗ, ದಗೆ ಚೌಕ, ‘ಲಾ’. ನಿ ಒಂದಕ್ಕೆ ಮಾತ್ರ ವಜ್ರಾಕಾರ, ‘ಮಿ’. ಸಂಗೀತ ಓದಲು ಬರದ ರೈತರೂ ಆಕಾರ ನೋಡಿ ಹಾಡಬಹುದಿತ್ತು. ಮೊದಲು ಫಾ-ಸೋಲ್-ಲಾ, ಆಮೇಲೆ ಸಾಹಿತ್ಯ. ಗೀತೆ ಕಲಿತವರಿಗೆ ಈ ಕ್ರಮ ಹೊಸದೇನಲ್ಲ. ಅಂದಹಾಗೆ, ‘ನ್ಯೂ ಬ್ರಿಟನ್’ನಲ್ಲಿ ಇರೋದು ಐದೇ ಸ್ವರ, ನಮ್ಮ ಮೋಹನದ ಸ್ವರಗಳೇ. ಮ, ನಿ ಇಲ್ಲ. ಅಂದರೆ ಮುಖ್ಯ ಧಾಟಿಯಲ್ಲಿ ವಜ್ರಾಕಾರ ಎಲ್ಲೂ ಬರಲ್ಲ.

ಆದರೆ ಧಾಟಿಯನ್ನ ಆಕಾರಕ್ಕೆ ಇಳಿಸಿದರೆ ಕೆಲಸ ಅರ್ಧವೇ ಆಯ್ತು. ಒಂದೇ ಗಂಟಲಿನ ಹಾಡನ್ನ ಗುಂಪಿನ ಹಾಡು ಮಾಡಬೇಕಲ್ಲ! ವಾಕರ್ ಇಲ್ಲಿ ಮೂರು ಸಾಲು ಇಟ್ಟರು. ಮುಖ್ಯ ಧಾಟಿ ಮೇಲಿನ ಸಾಲಲ್ಲಿಲ್ಲ, ಮಧ್ಯದ ಟೆನರ್‌ನಲ್ಲಿ. ಗಂಡಸರೂ ಹೆಂಗಸರೂ ಅದನ್ನೇ ಹಾಡ್ತಾರೆ. ಉಳಿದ ಸಾಲುಗಳು ಬರೀ ಒತ್ತಾಸೆಯಲ್ಲ, ಒಂದೊಂದೂ ತನ್ನದೇ ದಾರಿ ಹಿಡಿಯುತ್ತೆ. ಸ-ಪ ಸೇರಿದ ಬೋಳು ನಾದ ಎದ್ದು ಕೇಳುತ್ತೆ. ಕೂತು ಕೇಳೋರಿಗಾಗಿ ಮಾಡಿದ್ದಲ್ಲ ಇದು, ಹಾಡೋರಿಗಾಗಿ. ಚೌಕಾಕಾರದಲ್ಲಿ ಎದುರುಬದುರು ಕೂರ್ತಾರೆ, ನಡುವೆ ನಿಂತೊಬ್ಬರು ತಾಳ ಕೊಡ್ತಾರೆ.

ನಗರದ ಸಂಗೀತ ಸುಧಾರಕರಿಗೆ ಇದೆಲ್ಲ ಒರಟು ಅನ್ನಿಸಿತು. ಯುರೋಪಿನ ನಯ ಬೇಕಿತ್ತು ಅವರಿಗೆ. 20ನೇ ಶತಮಾನದ ಆರಂಭದಲ್ಲಿ ಎಡ್ವಿನ್ ಎಕ್ಸೆಲ್ ಇದೇ ಧಾಟಿಯನ್ನ ನುಣುಪು ಮಾಡಿ ಕೊಟ್ಟರು. ನಮ್ಮ ಕಿವಿಗೆ ಬಿದ್ದಿರೋದು ಹೆಚ್ಚಾಗಿ ಅದು. ಕೇಳೋಕೆ ಹಿತ, ನಿಜ. ನನಗೆ ಮಾತ್ರ ಹಳೇ ಒರಟೇ ಇಷ್ಟ.

ವಾಕರ್ ಬಗ್ಗೆ ಒಂದು ತಕರಾರೂ ಇದೆ. ಎಲ್ಲೂ ಬರಹದಲ್ಲಿ ಸಿಗದ ಎಷ್ಟೋ ಧಾಟಿಗಳಿಗೆ ಉಳಿದ ಸಾಲುಗಳನ್ನ ಕಟ್ಟಿ, ಕರ್ತೃ ಅಂತ ತಮ್ಮ ಹೆಸರು ಹಾಕ್ಕೊಂಡಿದ್ದೀನಿ ಅಂತ ಮುನ್ನುಡಿಯಲ್ಲಿ ಅವರೇ ಹೇಳ್ತಾರೆ. ಅವರು ಬರೆದಿಡದಿದ್ದರೆ ಕೆಲವು ಧಾಟಿ ಉಳೀತಿರಲಿಲ್ಲವೇನೋ. ಆದರೆ ತಲೆಮಾರುಗಳಿಂದ ಬಾಯಲ್ಲಿ ಉಳಿಸಿದವರ ಹೆಸರು ಪುಟದಲ್ಲಿಲ್ಲ.

ಆ ಬಾಯಿಗಳು ಪುಟಕ್ಕೆ ಪೂರ್ತಿ ಸೋತಿಲ್ಲ ಅನ್ನಿ. 1844ರ ‘ಸೇಕ್ರೆಡ್ ಹಾರ್ಪ್’ ಪರಂಪರೆಯಲ್ಲಿ ಮೈನರ್ ಧಾಟಿಗಳ ಆರನೇ ಸ್ವರ ಅಚ್ಚಿನಲ್ಲಿ ಕೆಳಗಿರುತ್ತೆ. ಹಾಡೋವಾಗ ಎಷ್ಟೋ ಕಡೆ ಅದನ್ನ ಮೇಲಕ್ಕೆತ್ತುತ್ತಾರೆ. ಕಾಗದದಲ್ಲಿ ಶುದ್ಧ ಧೈವತ, ಬಾಯಲ್ಲಿ ಚತುಶ್ರುತಿ. ಹೊಸಬರು ಪಕ್ಕದಲ್ಲಿ ಕೂತವರನ್ನ ಕೇಳಿಯೇ ಅದನ್ನ ಕಲೀಬೇಕು.