ಓದಲು ಬಾರದವರಿಗೊಂದು ಕಂಪ್ಯೂಟರು

ನನ್ನ ಪಿಎಚ್.ಡಿ.ಗಾಗಿ ಸಿಂಪ್ಯೂಟರಿನ ಕತೆಯನ್ನು ಕೆದಕುವಾಗೆಲ್ಲ ಅಜ್ಜಿ ನೆನಪಾಗುತ್ತಾಳೆ. ಆಕೆಗೆ ಅಕ್ಷರ ಬಾರದು. ಪಹಣಿಯಲ್ಲಿ ಏನಿದೆಯೆಂದು ತಿಳಿಯಲು ಇನ್ನೊಬ್ಬರ ಬಾಯನ್ನೇ ನಂಬಬೇಕು.

2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅನಾವರಣಗೊಂಡ ಈ ಅಂಗೈ ಕಂಪ್ಯೂಟರನ್ನು ರೂಪಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು. ಅಂಥ ಯಂತ್ರಗಳಿಗೆ ಆಗ ಪಾಮ್ ಓಎಸ್, ವಿಂಡೋಸ್ ಸಿಇ ಇದ್ದವು. ಇವರು ಲಿನಕ್ಸನ್ನು ಆರಿಸಿದರು. ಯಂತ್ರವೊಂದಕ್ಕೆ ಇಷ್ಟೆಂದು ಪರವಾನಗಿ ಶುಲ್ಕ ಕಟ್ಟಬೇಕಿರಲಿಲ್ಲ. ಗುರಿಯಿಟ್ಟ ಬೆಲೆಯೇ ಸುಮಾರು 9,000 ರೂಪಾಯಿ. ಜೊತೆಗೆ, ಒಳಗಿನ ಸಂಕೇತವನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಿತ್ತು.

ಅದರ ಮೇಲೆ ಅವರು ಕೂರಿಸಿದ ‘ಧ್ವನಿ’ ಎಂಬ ತಂತ್ರಾಂಶ ಕನ್ನಡ, ಹಿಂದಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಊರಿಗೆ ಒಂದು ಯಂತ್ರವಿರಲಿ, ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬುದು ಯೋಜನೆ. ಅಂದರೆ ತಂತ್ರಾಂಶದ ಆಯ್ಕೆಗೂ ಮೊದಲು ‘ಬಳಸುವವರು ಯಾರು?’ ಎಂಬ ಪ್ರಶ್ನೆ ಇತ್ತು.

2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದರೂ ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಸೋತ ಯಂತ್ರವೆಂದು ಅಲ್ಲಿಗೇ ಕೈಬಿಡುವುದು ವಾಡಿಕೆ. ನನಗದು ಅರ್ಧ ತೀರ್ಪು. ಇಂದಿನ ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಲಿನಕ್ಸ್ ಕರ್ನೆಲ್ಲೇ. ಆ ಆಯ್ಕೆ ಸೋಲಲಿಲ್ಲ. ಹಿಂದೆ ಉಳಿದದ್ದು ಆ ಪ್ರಶ್ನೆ.

ಅಜ್ಜಿಯ ಫೋನಿಗೂ ಓದಿ ಹೇಳಲು ಬರುತ್ತದೆ. ಆದರೆ ಆ ಸೌಲಭ್ಯ ಎಲ್ಲಿದೆಯೆಂದು ಹುಡುಕಿ ಒತ್ತಲು ಆಕೆಗೆ ಓದು ಬರಬೇಕು.