ಸೀಸೆಯೊಳಗೊಂದು ಸಮುದ್ರ

ಪುಣೆಯಿಂದ ಸಾತಾರೆಯ ದಾರಿ ಹಿಡಿದು ಊರಿಗೆ ಹೊರಡುವ ಕನ್ನಡಿಗರಿಗೆಲ್ಲ ಕಾತ್ರಜ ಪರಿಚಿತವಾದ ಹೆಸರು. ಘಟ್ಟ ಏರುವ ಮುನ್ನ ಸಿಗುವ ಈ ಊರಿನ ಕೆರೆಯಿಂದಲೇ 18ನೆಯ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶ್ವೆಯವರು ನೆಲದಡಿಯ ಕಾಲುವೆ ಕಟ್ಟಿಸಿ ಶನಿವಾರವಾಡೆಗೂ ಪೇಟೆಯ ಹೌದಗಳಿಗೂ ನೀರು ತರಿಸಿದರು. ಸಿಹಿನೀರಿಗೆ ಇಲ್ಲಿ ಇಂಥ ಚರಿತ್ರೆಯುಂಟು. ಉಪ್ಪುನೀರು ಮಾತ್ರ ಸಹ್ಯಾದ್ರಿಯ ಆಚೆಗೇ ಉಳಿಯಿತು. ಹೀಗಿದ್ದರೂ ಸೀಸೆಯೊಳಗೆ ಪುಟ್ಟ ಸಮುದ್ರ ಕಟ್ಟಬೇಕು, ಅದರಲ್ಲಿ ಹವಳದ ದಿಬ್ಬವೂ ಇರಬೇಕು ಎಂಬ ಆಸೆ ಕಾತ್ರಜದ ಮಕ್ಕಳಿಗೂ ಹುಟ್ಟಬಾರದೆಂದೇನೂ ಇಲ್ಲ. ಈ ಆಸೆಗೆ ಸುಮಾರು ಇನ್ನೂರು ವರ್ಷಗಳ ಹಿನ್ನೆಲೆಯಿದೆ. ಅದನ್ನು ಅರಿತವರಿಗೆ ಏನು ಮಾಡಬೇಕೆಂಬುದರ ಜೊತೆಗೆ ಏನು ಮಾಡಬಾರದೆಂಬುದೂ ತಿಳಿಯುತ್ತದೆ. ಆದುದರಿಂದ ಅದನ್ನು ಇಲ್ಲಿ ಸ್ಥೂಲವಾಗಿ ಹೇಳಬಯಸುತ್ತೇವೆ.

ಕಥೆಯ ಬೇರು ಗಾಳಿಯಲ್ಲಿದೆ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಯು, ಮೇಣದ ಬತ್ತಿ ಉರಿದು ಆರಿಹೋದ ಗಾಳಿಯಲ್ಲಿ ಪುದೀನದ ಒಂದು ಕುಡಿಯನ್ನು ಇರಿಸಿದನು. ಹತ್ತು ದಿನ ಕಳೆದ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು ಗಾಳಿಯನ್ನು ಹೀಗೆ ಶುದ್ಧಗೊಳಿಸುವುದು ಗಿಡದ ಹಸಿರು ಭಾಗವೆಂದೂ ಅದಕ್ಕೆ ಬೆಳಕು ಬೇಕೇ ಬೇಕೆಂದೂ ತೋರಿಸಿದನು. ಪ್ರಾಣಿ ಕೆಡಿಸಿದ್ದನ್ನು ಸಸ್ಯ ಸರಿಪಡಿಸುತ್ತದೆ ಎಂಬ ಈ ಅರಿವೇ ಮುಂದಿನದಕ್ಕೆಲ್ಲ ಅಡಿಪಾಯ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡನು ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಸೀಸೆಯಲ್ಲಿ ಮುಚ್ಚಿಟ್ಟನು. ಅದರಲ್ಲಿ ತಾನಾಗಿ ಮೊಳೆತ ಜರೀಗಿಡವೂ ಹುಲ್ಲೂ ಹೊರಗಿನ ನೀರಿಲ್ಲದೆ ವರ್ಷಗಟ್ಟಲೆ ಬದುಕಿದವು.

ಕಡಲ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಿ ಅಭ್ಯಸಿಸಿದ ಮೊದಲಿಗರಲ್ಲಿ ಪ್ರಮುಖಳು ಜೀನ್ ವಿಲ್‌ಪ್ರೂ ಪವರ್ ಎಂಬ ಫ್ರೆಂಚ್ ಮಹಿಳೆ. ಆಕೆ ಚಮ್ಮಾರನ ಮಗಳು. ಪ್ಯಾರಿಸ್ಸಿನಲ್ಲಿ ಬಟ್ಟೆ ಹೊಲಿದು, ಮದುವೆಯಾದ ಬಳಿಕ ಸಿಸಿಲಿಯ ಮೆಸ್ಸೀನಾದಲ್ಲಿ ನೆಲೆಸಿದವಳು. 1832ರಲ್ಲಿ ಆಕೆ ಗಾಜಿನ ತೊಟ್ಟಿ ಮಾಡಿಸಿ ಅದರಲ್ಲಿ ಆರ್ಗೊನಾಟ್ ಎಂಬ ಎಂಟು ತೋಳಿನ ಪ್ರಾಣಿಯನ್ನು ಸಾಕಿದಳು. ಅದರ ಚಿಪ್ಪು ಬೇರೆಯವರಿಂದ ಕದ್ದದ್ದಲ್ಲ, ತಾನೇ ಕಟ್ಟಿಕೊಂಡದ್ದು ಎಂದು ಸಿದ್ಧಪಡಿಸಿದಳು. ಹುಟ್ಟಿದೂರು ಬಿಟ್ಟು ಬಂದವಳೊಬ್ಬಳು ಪರವೂರಿನ ಕಡಲನ್ನು ಇಷ್ಟು ಶ್ರದ್ಧೆಯಿಂದ ನೋಡಿದಳೆಂಬುದು ನಮ್ಮಂಥ ವಲಸೆಗಾರರು ನೆನೆಯತಕ್ಕ ಸಂಗತಿ.

ಆದರೆ ಆಕೆಗೆ ಕಡಲು ಮನೆಯ ಹತ್ತಿರವೇ ಇತ್ತು. ಕಾತ್ರಜದವರಿಗಿರುವ ತೊಡಕನ್ನು ಎದುರಿಸಿದವಳು ಲಂಡನ್ನಿನ ಆನಾ ಥಿನ್. 1846ರಲ್ಲಿ ಟಾರ್ಕೀ ಎಂಬ ಕಡಲೂರಿಗೆ ಹೋದಾಗ ಕಲ್ಲುಹವಳಗಳಿಗೆ ಮನಸೋತು, ಅವನ್ನು ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ದೂರದಿಂದ ಪದೇಪದೇ ಸಮುದ್ರದ ನೀರು ತರಿಸುವುದು ಸುಲಭವಾಗಿರಲಿಲ್ಲ. ಆಗ ಆಕೆ ಒಂದು ಉಪಾಯ ಹೂಡಿದಳು. ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು, ನಾವು ಚಹಾ ಆರಿಸುವಂತೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಸುರಿಯಬೇಕು. ಅದೂ ದಿನಕ್ಕೆ ಅರ್ಧ ಮುಕ್ಕಾಲು ಗಂಟೆ! ಮರುವರ್ಷ ಆಕೆ ಕಡಲಪಾಚಿಯನ್ನೂ ಸೇರಿಸಿದಳು. ಹವಳಗಳು ಬದುಕಿದ್ದಲ್ಲದೆ ಮರಿಯನ್ನೂ ಹಾಕಿದವು. ಇಂದಿನ ಸೀಸೆ ಸಮುದ್ರಕ್ಕೆ ಗಾಳಿ ಊದುವ ಪುಟ್ಟ ಯಂತ್ರ ಮಾಡುವ ಕೆಲಸವನ್ನು ಅಂದು ಹೆಸರೂ ಉಳಿಯದ ಆ ಹೆಣ್ಣುಮಗಳ ತೋಳು ಮಾಡಿತ್ತು.

1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು ತೆಗೆದುಹಾಕಿದ್ದರಿಂದ ಗಾಜು ಅಗ್ಗವಾಗಿತ್ತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ಶಾಸ್ತ್ರಜ್ಞನು ಎರಡು ಹೊಂಬಣ್ಣದ ಮೀನು, ಒಂದು ನೀರುಗಿಡ, ಕೆಲವು ಬಸವನಹುಳು ಇವಿಷ್ಟರಿಂದ ತೊಟ್ಟಿಯ ಸಮತೋಲನವನ್ನು ವಿವರಿಸಿದನು. ಗಿಡದ ಕೊಳೆತ ಎಲೆಗಳನ್ನು ತಿನ್ನಲು ಬಸವನಹುಳು ಇಲ್ಲದಿದ್ದಾಗ ನೀರು ಕೆಟ್ಟಿತ್ತು. ಅವನ್ನು ಬಿಟ್ಟ ಮೇಲೆ ತಿಳಿಯಾಯಿತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನು ತನ್ನ ಪುಸ್ತಕದಿಂದ ಮನೆಮನೆಗೂ ಈ ಹುಚ್ಚು ಹತ್ತಿಸಿದನು. ಅಡಿಗೆ ಉಪ್ಪು, ಎಪ್ಸಂ ಉಪ್ಪು, ಮೆಗ್ನೀಷಿಯಂ ಕ್ಲೋರೈಡ್, ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿ ಕೃತಕ ಕಡಲ ನೀರು ಮಾಡುವ ಕ್ರಮವನ್ನೂ ಆತ ಹೇಳಿಕೊಟ್ಟನು. ಒಳನಾಡಿನವರಿಗೆ ಬಾಗಿಲು ತೆರೆದದ್ದು ಹೀಗೆ.

ಅದರ ಫಲವೇನಾಯಿತು? ಬಕೆಟ್ಟು, ಸುತ್ತಿಗೆ ಹಿಡಿದು ಜನ ಕಡಲತೀರಕ್ಕೆ ನುಗ್ಗಿದರು. ಬಂಡೆಗಳ ನಡುವಿನ ಮಡುಗಳು ಬರಿದಾದವು. ತಂದೆಯ ಪುಸ್ತಕವೇ ಆ ಚೆಲುವಿನ ನಾಶಕ್ಕೆ ದಾರಿಯಾಯಿತೆಂದು ಮಗ ಎಡ್ಮಂಡ್ ಗಾಸ್ 1907ರಲ್ಲಿ ಮರುಗಿ ಬರೆದನು. ಸೀಸೆಯೊಳಗಿನ ಒಂದು ಹಿಡಿ ಕಡಲಿಗಾಗಿ ಹೊರಗಿನ ಕಡಲನ್ನೇ ಸೂರೆ ಮಾಡಿದ್ದು ಈ ಚರಿತ್ರೆಯ ಕಹಿ ಅಧ್ಯಾಯ.

ವಾರಿಂಗ್ಟನ್ನನ ಸಮತೋಲನದಲ್ಲಿ ಕಣ್ಣಿಗೆ ಕಾಣದ ಪಾಲುದಾರರೂ ಇದ್ದಾರೆಂಬುದು ಮುಂದೆ ಗೊತ್ತಾಯಿತು. ಪ್ರಾಣಿಗಳ ಹೊಲಸಿನಿಂದ ಬರುವ ಅಮೋನಿಯ ಜಲಚರಗಳಿಗೆ ವಿಷ. ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಇಂಥ ಬ್ಯಾಕ್ಟೀರಿಯಗಳನ್ನು ವಿನೊಗ್ರಾಡ್‌ಸ್ಕಿ 1890ರಲ್ಲಿ ಬೇರ್ಪಡಿಸಿ ತೋರಿಸಿದನು. ಒಳಬಂದ ಕಡತ ವಿಲೇವಾರಿಯಾಗದಿದ್ದರೆ ಮೇಜಿನ ಗತಿ ಏನೆಂಬುದು ಗುಮಾಸ್ತೆಗಿರಿ ಮಾಡುವ ನಮಗೆ ಚೆನ್ನಾಗಿ ಗೊತ್ತು. ಸೀಸೆಯ ಗತಿಯೂ ಅದೇ! ಹವಳದ ಮೈಯೊಳಗೇ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಉಣಿಸುತ್ತವೆ. ಈ ಪಾಚಿಗೆ ಬ್ರಾಂಟ್ ಎಂಬ ಜರ್ಮನ್ ವಿಜ್ಞಾನಿ ಹೆಸರಿಟ್ಟದ್ದು 1881ರಲ್ಲಿ. ನೀರಿನ ಬಿಸಿ ಮಿತಿಮೀರಿದರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಜೀವಿಗಳು ತುಂಬಿದ ಕಡಲ ಕಲ್ಲನ್ನೇ ತೊಟ್ಟಿಗಿಟ್ಟು, ಗಾಳಿಗುಳ್ಳೆ ಹರಿಸಿ ಹವಳಗಳನ್ನು ಸಾಕಿದ ಬಗೆಯನ್ನು ಪ್ರಕಟಿಸಿದನು. ಇಂದಿನ ಹವಳದ ತೊಟ್ಟಿಗಳೆಲ್ಲ ಆ ಕಲ್ಲಿಗೆ ಋಣಿ.

ನಮ್ಮ ದೇಶದಲ್ಲಿ ಮುಂಬಯಿಯ ತಾರಾಪೊರೆವಾಲಾ ಮತ್ಸ್ಯಾಲಯ 1951ರಲ್ಲಿ ತೆರೆದು, ತಲೆಮಾರುಗಳ ಮಕ್ಕಳಿಗೆ ಕಡಲೊಳಗನ್ನು ತೋರಿಸಿತು. ನಮ್ಮ ಕರಾವಳಿಯ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ನಿಜವಾದ ಹವಳಗಳೇ ಇವೆ. ಅವನ್ನು ಕೀಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ 2001ರಲ್ಲಿ ಕಲ್ಲುಹವಳಗಳೆಲ್ಲವೂ ಸೇರಿದವು. ಹುಲಿಗಿರುವ ರಕ್ಷಣೆಯೇ ಹವಳಕ್ಕೂ ಉಂಟು. ಊರಿನಿಂದ ನೆನಪಿಗೆಂದು ಹವಳದ ತುಂಡು ತರುವುದೂ ಬೇಡ, ಮಾರುವವರಿದ್ದರೆ ಕೊಳ್ಳುವುದೂ ಬೇಡ.

ಹಾಗಾದರೆ ಕಾತ್ರಜದ ಮಗು ಕೈಕಟ್ಟಿ ಕೂರಬೇಕೆ? ಖಂಡಿತ ಇಲ್ಲ. ಅಗಲ ಬಾಯಿಯ ಗಾಜಿನ ಜಾಡಿಗೆ ಕ್ಲೋರಿನ್ ಇಲ್ಲದ 4 ಲೀಟರು ನೀರು, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಮೀನಿನ ಅಂಗಡಿಯ ಕಡಲುಪ್ಪು 140 ಗ್ರಾಂ, ದಿಬ್ಬಕ್ಕೆ ಚೆನ್ನಾಗಿ ತೊಳೆದ ಕರಿಕಲ್ಲಿನ ಚೂರು, ಗಾಳಿಯ ಕೊಳವೆ, ಬೆಳಕು ಇವಿಷ್ಟು ಸಾಕು. ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಗುರುತು ಹಾಕಬೇಕು. ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲ. ಅರ್ಧ ಲೀಟರು ಆರಿದರೆ ಉಪ್ಪು ಲೀಟರಿಗೆ 40 ಗ್ರಾಂ ಆಗುತ್ತದೆ. ಆದುದರಿಂದ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ. ಮೀನಿನ ಮರಿಗಳ ಆಹಾರಕ್ಕೆಂದು ಮಾರುವ ಆರ್ಟೀಮಿಯ ಮೊಟ್ಟೆಗಳನ್ನು ಒಂದು ಚಿಟಿಕೆಯಷ್ಟು ಹಾಕಿದರೆ ಒಂದೆರಡು ದಿನಗಳಲ್ಲಿ ಸಾಸಿವೆಗಿಂತ ಸಣ್ಣ ಮರಿಗಳು ಈಜತೊಡಗುತ್ತವೆ. ಆಹಾರ ಅತಿ ಕಡಿಮೆ ಇರಲಿ. ಮೀನು ಬೇಡ. ಇಷ್ಟು ಚಿಕ್ಕ ಜಾಡಿಯಲ್ಲಿ ಅದನ್ನಿಡುವುದು ಹಿಂಸೆ.

ಆಹಾರ ಹೆಚ್ಚಾದರೆ ನೀರು ಮೊದಲು ಕದಡಿ, ಬಳಿಕ ಹಸಿರುಗಟ್ಟಿ, ಕೊನೆಗೆ ನಾರುವುದು. ಊರ ಕೆರೆಗೆ ಚರಂಡಿ ಸೇರಿದಾಗ ಜಲಕಳೆ ಹಬ್ಬುವುದೂ ಇದೇ ನಿಯಮದಿಂದ. ಪೇಶ್ವೆಯವರ ಕಾಲದಲ್ಲಿ ಪುಣೆಗೆ ಕುಡಿಯಲು ಕೊಟ್ಟ ಕಾತ್ರಜದ ಕೆರೆಗೂ ಈಚಿನ ದಶಕಗಳಲ್ಲಿ ಕೊಳಚೆ ನೀರಿನ, ಕಳೆಯ ಕಾಟ ತಪ್ಪಲಿಲ್ಲ. ಜಾಡಿಯಾದರೆ ತೊಳೆದು ಹೊಸದಾಗಿ ತುಂಬಬಹುದು, ಕೆರೆಯನ್ನಾಗಲಿ ನೇತ್ರಾಣಿಯನ್ನಾಗಲಿ ಹಾಗೆ ಮಾಡಲಾಗದು. ಮಕ್ಕಳು ಜಾಡಿ ಕಟ್ಟಲಿ. ಕಟ್ಟಿದ ಮಕ್ಕಳನ್ನು ಒಂದು ಭಾನುವಾರ ಹಿರಿಯರು ಕೆರೆಯ ದಂಡೆಗೂ ಕರೆದೊಯ್ದು ತೋರಿಸಲಿ ಎಂದು ಕೋರುತ್ತೇವೆ.